ಈಡು ಒಬ್ಬನದು, ಹೊರೆ ಇಬ್ಬರದು: ಕೊಲರಾಡೋ ಬೆಟ್ಟಗಳಲ್ಲಿ ಬೇಟೆಯ ಜೊತೆಗಾರರು

ನಾನು ಬೇಟೆಗೆ ಹೋಗುತ್ತೇನೆಂದು ತಿಳಿದ ಕನ್ನಡದ ಗೆಳೆಯರು ಮೊದಲು ಕೇಳುವುದು ಕೋವಿಯ ವಿಚಾರ. ಯಾವ ಕೋವಿ, ಎಷ್ಟು ದೂರಕ್ಕೆ ಹೊಡೆಯುತ್ತದೆ, ಬೆಲೆ ಎಷ್ಟು? ಯಾರ ಜೊತೆ ಹೋಗುತ್ತೀರಿ ಎಂದು ಕೇಳುವವರು ಕಡಿಮೆ. ಕೊಲರಾಡೋದಲ್ಲಿ ರಸ್ತೆ ಬಿಟ್ಟು ಐದಾರು ಮೈಲಿ ಬೆಟ್ಟದೊಳಕ್ಕೆ ನಡೆದು ಜಿಂಕೆ ಹುಡುಕುವವನಿಗೆ ಕೋವಿಯ ಆಯ್ಕೆ ಒಂದು ಸಂಜೆಯ ಕೆಲಸ. ಜೊತೆಗಾರ ಸಿಗುವುದಕ್ಕೆ ವರ್ಷಗಳು ಹಿಡಿಯುತ್ತವೆ.

ನಾನು ತೀರ್ಥಹಳ್ಳಿ ಕಡೆಯವನು. ಅಜ್ಜನ ಬೇಟೆಯ ಕಥೆ ಕೇಳಿ ಬೆಳೆದೆನೇ ಹೊರತು ಊರಿನಲ್ಲಿ ಕೋವಿ ಮುಟ್ಟಿದವನಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅಲ್ಲಿ ಅದು ಅಪರಾಧ, ಅಪರಾಧವಾಗಿಯೇ ಇರಲಿ. ನಮ್ಮ ಕಾಡಿನಲ್ಲಿ ಉಳಿದಿರುವ ಮಿಗಗಳು ಅಷ್ಟರಲ್ಲೇ ಇವೆ. ಅಜ್ಜ ಹೇಳುತ್ತಿದ್ದ ಬೇಟೆಯಲ್ಲಿ ಊರಿಗೆ ಊರೇ ಇರುತ್ತಿತ್ತು. ಹಳು ಸೋವಿ ಮಿಗ ಎಬ್ಬಿಸುವವರು, ನಾಯಿಗಳು, ಕೋವಿ ಹಿಡಿದು ಬಿಲ್ಲಿಗೆ, ಅಂದರೆ ಮಿಗ ಹಾಯುವ ಜಾಗದಲ್ಲಿ ಕಾದು, ನಿಂತವರು, ಕೊನೆಗೆ ಪಾಲು. ಈಡು, ಅಂದರೆ ಹೊಡೆದ ಗುಂಡು, ಯಾರದಾದರೂ ಮಾಂಸ ಎಲ್ಲರ ಮನೆಗೆ ಹೋಗುತ್ತಿತ್ತು.

ಇಲ್ಲಿಯ ಕಾನೂನು ಅದಕ್ಕೆ ಪೂರ್ತಿ ತಿರುವುಮುರುವು. ಒಂದು ಪರವಾನಗಿಗೆ ಒಂದೇ ಜಿಂಕೆ, ಅದನ್ನು ಪರವಾನಗಿ ಪಡೆದವನೇ ಹೊಡೆಯಬೇಕು. ಜೊತೆಗಾರನ ಲೆಕ್ಕದ ಜಿಂಕೆಯನ್ನು ನಾನು ಹೊಡೆದುಕೊಡುವಂತಿಲ್ಲ. ಹಾಗಿದ್ದರೆ ಜೊತೆಗಾರ ಯಾಕೆ ಬೇಕು ಎಂದರೆ, ಉತ್ತರ ತೂಕದಲ್ಲಿದೆ. ಇಲ್ಲಿನ ಮ್ಯೂಲ್ ಡಿಯರ್ ಜಾತಿಯ ದೊಡ್ಡ ಗಂಡಿನ ಮೂಳೆ ಬಿಡಿಸಿದ ಮಾಂಸವೇ ಸುಮಾರು ಮೂವತ್ತು ಕಿಲೋ ಬರುತ್ತದೆ. ಅದರ ಮೇಲೆ ತಲೆ. ಅದರ ಮೇಲೆ ನಮ್ಮ ಡೇರೆ, ಮಲಗುಚೀಲ, ಕೋವಿ, ಅಡುಗೆ ಸಾಮಾನು. ನಾವು ಹೋಗುವ ಜಾಗ 1964ರ ವೈಲ್ಡರ್‌ನೆಸ್ ಕಾಯ್ದೆಗೆ ಒಳಪಟ್ಟದ್ದು. ಅಲ್ಲಿ ಮೋಟಾರು ವಾಹನವಿರಲಿ, ಸೈಕಲ್ಲಾಗಲೀ ಕೈಗಾಡಿಯಾಗಲೀ ನುಗ್ಗುವ ಹಾಗಿಲ್ಲ. ಕುದುರೆ ಇಲ್ಲದವನಿಗೆ ಬೆನ್ನೇ ಗತಿ. ಹೊರಲಾರೆ ಎಂದು ತಿನ್ನುವ ಮಾಂಸವನ್ನು ಬೆಟ್ಟದಲ್ಲಿ ಬಿಟ್ಟು ಬಂದರೆ ಅದೂ ಶಿಕ್ಷಾರ್ಹ. ಒಬ್ಬನೇ ಹೋದವನು ಎರಡು ಮೂರು ಸರದಿ ನಡೆಯಬೇಕು, ಅಷ್ಟರಲ್ಲಿ ಉಳಿದ ಮಾಂಸವನ್ನು ಬಿಸಿಲೋ ಕರಡಿಯೋ ನೋಡಿಕೊಳ್ಳುತ್ತದೆ.

ಪರವಾನಗಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 1949ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರೆಲ್ಲ ಬೇಟೆಗಾರರ ಸುರಕ್ಷತಾ ತರಗತಿ ಮುಗಿಸಿರಬೇಕು. ಜಿಂಕೆಯ ಪರವಾನಗಿ ಲಾಟರಿಯಲ್ಲಿ ಸಿಗುತ್ತದೆ, ಏಪ್ರಿಲ್ ಮೊದಲ ವಾರದ ಹೊತ್ತಿಗೆ ಅರ್ಜಿ ಹಾಕಬೇಕು. ಸಿಗದೆ ಹೋದ ವರ್ಷಕ್ಕೆ ಒಂದು ಪಾಯಿಂಟ್ ಜಮೆಯಾಗುತ್ತದೆ. ನನಗೆ ಪ್ರಿಯವಾದ ಸೆಪ್ಟೆಂಬರಿನ ಎತ್ತರದ ಬೆಟ್ಟಗಳ ರೈಫಲ್ ಹಂಗಾಮಿಗೆ ಇಂಥ ಪಾಯಿಂಟುಗಳನ್ನು ವರ್ಷಗಟ್ಟಲೆ ಕೂಡಿಡಬೇಕು. ಜೊತೆಗಾರನ ಪ್ರಶ್ನೆ ಇಲ್ಲೇ ಶುರುವಾಗುತ್ತದೆ. ಇಬ್ಬರೂ ಒಂದೇ ಗುಂಪಾಗಿ ಅರ್ಜಿ ಹಾಕಿದರೆ ಇಬ್ಬರಲ್ಲಿ ಯಾರ ಪಾಯಿಂಟ್ ಕಡಿಮೆಯೋ ಅದೇ ಗುಂಪಿನ ಪಾಯಿಂಟ್. ಸೊನ್ನೆಯವನನ್ನು ಕಟ್ಟಿಕೊಂಡರೆ ನೀವೂ ಸೊನ್ನೆ. ಎಷ್ಟೋ ಸ್ನೇಹಗಳು ಈ ಲೆಕ್ಕದಲ್ಲಿ ಸಡಿಲವಾದದ್ದನ್ನು ನೋಡಿದ್ದೇನೆ. ಇನ್ನು ಎಚ್-1ಬಿ ವೀಸಾದಲ್ಲಿರುವ ಹುಡುಗರು ಪದೇ ಪದೇ ಕೇಳುವ ಪ್ರಶ್ನೆಗೆ: ಆ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಕೇಂದ್ರದ ಕಾನೂನು ಸಾಮಾನ್ಯವಾಗಿ ತಡೆಯುತ್ತದೆ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ಆದರೂ ಕೊಳ್ಳುವ ಮೊದಲು ವಕೀಲರೊಬ್ಬರನ್ನು ಕೇಳಿ, ಅಂಗಡಿಯವನನ್ನು ನಂಬಬೇಡಿ.

ಗುರಿ ಅಭ್ಯಾಸದ ಮೈದಾನದಲ್ಲಿ ಜೊತೆಗಾರರು ಸಿಗುತ್ತಾರೆಂದು ಹಲವರು ಹೇಳುತ್ತಾರೆ. ನನಗೂ ಅಲ್ಲೊಬ್ಬ ಸಿಕ್ಕಿದ್ದ. ಆರುನೂರು ಗಜ ದೂರದ ಉಕ್ಕಿನ ತಟ್ಟೆಗೆ ಬಾರಿಸಿದರೆ ಟಣ್ ಎನ್ನುವವರೆಗೆ ಉಸಿರು ಬಿಡದ ಹುಡುಗ. ಆಗಸ್ಟಿನಲ್ಲಿ ಇಬ್ಬರೂ ಜಿಂಕೆಗಳ ಜಾಡು ನೋಡಲು ಬೆಟ್ಟ ಹತ್ತಿದೆವು. ಬೇಸಿಗೆಯಲ್ಲಿ ಇಲ್ಲಿ ಮಧ್ಯಾಹ್ನವಾದರೆ ಸಾಕು, ಗುಡುಗು ಶುರು. ಹನ್ನೆರಡರ ಒಳಗೆ ಮರಗಳಿರುವ ಎತ್ತರಕ್ಕೆ ಇಳಿದುಬಿಡಬೇಕು. ಒಂದು ಗಂಟೆಗೆ ಪಶ್ಚಿಮದ ಕಡೆ ಆಕಾಶ ಕಪ್ಪಿಟ್ಟಿತ್ತು, ನಾವು ಬರಿ ಹುಲ್ಲಿನ ನೆತ್ತಿಯ ಮೇಲಿದ್ದೆವು. ಅವನು "ಇನ್ನೊಂದೇ ಏಣು ನೋಡೋಣ" ಎಂದ. ನಾನು ಇಳಿದೆ. ಅವನು ಆ ಏಣನ್ನೂ ಅದರಾಚೆಯದನ್ನೂ ನೋಡಿ ಸಂಜೆ ಕ್ಷೇಮವಾಗಿಯೇ ಬಂದ, ಬಹಳ ಉತ್ಸಾಹದಲ್ಲಿದ್ದ. ಒಳ್ಳೆಯ ಹುಡುಗ. ಅವನ ಜೊತೆ ಮತ್ತೆ ಹೋಗಲಿಲ್ಲ.

ಈಗಿನ ಜೊತೆಗಾರರು ಸಿಕ್ಕಿದ್ದು ಬೇಲಿ ಕೀಳುವ ಕೆಲಸದಲ್ಲಿ. ಸಾರ್ವಜನಿಕ ಭೂಮಿಯಲ್ಲಿ ಯಾರೂ ಬಳಸದ ಹಳೆಯ ಮುಳ್ಳುತಂತಿ ಬೇಲಿಗಳು ಮೈಲಿಗಟ್ಟಲೆ ಉಳಿದಿವೆ. ಹಾರುವ ಜಿಂಕೆಗಳ ಹಿಂಗಾಲು ಅದರಲ್ಲಿ ಸಿಕ್ಕಿ ಸಾಯುತ್ತವೆ. ಬ್ಯಾಕ್‌ಕಂಟ್ರಿ ಹಂಟರ್ಸ್ ಆಂಡ್ ಆಂಗ್ಲರ್ಸ್‌ನಂಥ ಸಂಘಗಳು ಬೇಸಿಗೆಯ ಶನಿವಾರಗಳಲ್ಲಿ ಸ್ವಯಂಸೇವಕರನ್ನು ಸೇರಿಸಿ ಅಂಥ ಬೇಲಿಗಳನ್ನು ಕಿತ್ತು ಸುತ್ತಿಸುತ್ತವೆ. ಆ ದಿನ ಕೆಲಸ ಮುಗಿದು ಎಲ್ಲರೂ ವ್ಯಾನಿನ ಹಿಂಬದಿಯಲ್ಲಿ ಬಿಯರ್ ತೆರೆದಿದ್ದರು. ಅರವತ್ತು ದಾಟಿದ ಒಬ್ಬರು ಮಾತ್ರ ಕೀಳಿಸಿದ ಕಂಬಗಳ ಸಾಲಿನಲ್ಲೇ ಬಗ್ಗಿ ವಾಪಸು ನಡೆಯುತ್ತಾ, ಹುಲ್ಲಿನಲ್ಲಿ ಬಿದ್ದ ಯು ಆಕಾರದ ಮೊಳೆಗಳನ್ನು ಹೆಕ್ಕಿ ಒಂದು ಕಾಫಿ ಡಬ್ಬಕ್ಕೆ ಹಾಕುತ್ತಿದ್ದರು. ಯಾರೂ ಅವರಿಗೆ ಹೇಳಿರಲಿಲ್ಲ. ನಾನೂ ಹೋಗಿ ಹೆಕ್ಕತೊಡಗಿದೆ. ಹೈಸ್ಕೂಲಿನಲ್ಲಿ ಮರಗೆಲಸ ಕಲಿಸಿ ನಿವೃತ್ತರಾದವರು. ಇಲ್ಲಿಯ ರೂಢಿಯಂತೆ ನಾನು ಅವರನ್ನು ಹೆಸರು ಹಿಡಿದೇ ಕರೆಯುತ್ತೇನೆ, ಮನಸ್ಸಿನಲ್ಲಿ ಮಾತ್ರ ಅವರು ಮೇಷ್ಟರೇ.

ಹಾಗೆಂದು ಮೊಳೆ ಹೆಕ್ಕಿದವರನ್ನೆಲ್ಲ ಬೆಟ್ಟಕ್ಕೆ ಕರೆದುಕೊಂಡು ಹೋಗಲಾಗುವುದಿಲ್ಲ. ನನ್ನದೊಂದು ಪರೀಕ್ಷೆ ಇದೆ. ಮೇಷ್ಟರದೂ ಒಂದಿತ್ತೆಂದು ಆಮೇಲೆ ತಿಳಿಯಿತು. ಬೆನ್ನುಚೀಲದಲ್ಲಿ ಇಪ್ಪತ್ತು ಲೀಟರ್ ನೀರಿನ ಕ್ಯಾನುಗಳನ್ನು ಹೊತ್ತು ಎರಡು ಸಾವಿರ ಅಡಿ ಹತ್ತುವುದು, ಮೇಲೆ ನೀರನ್ನು ಚೆಲ್ಲಿ ಹಗುರಾಗಿ ಇಳಿಯುವುದು, ಮಂಡಿ ಉಳಿಯಲಿ ಎಂದು. ನಾನು ನೋಡುವುದು ವೇಗವನ್ನಲ್ಲ. ಎರಡನೆಯ ತಾಸಿನಲ್ಲಿ ಮನುಷ್ಯ ಹೇಗೆ ಮಾತಾಡುತ್ತಾನೆ, ಪಟ್ಟಿ ಹೆಗಲನ್ನು ಕೊರೆಯುತ್ತಿದ್ದರೆ ನಿಂತು ಸರಿಮಾಡಿಕೊಳ್ಳುತ್ತಾನೋ ಅಥವಾ ಹಲ್ಲು ಕಚ್ಚಿ ಮುಚ್ಚಿಡುತ್ತಾನೋ ಎಂಬುದನ್ನು. ನೋವು ಮುಚ್ಚಿಡುವವನ ಜೊತೆ ಬೆಟ್ಟ ಹತ್ತಲು ನನಗೆ ಭಯ. ಹನ್ನೊಂದು ಸಾವಿರ ಅಡಿಯಲ್ಲಿ ತಲೆನೋವನ್ನು ಹೇಳದೆ ಮಲಗಿದವನು ಬೆಳಿಗ್ಗೆ ಏಳಲಾರದೆ ಹೋಗಬಹುದು. ಮೇಷ್ಟರು ದಾರಿಯಲ್ಲಿ ಕುಳಿತು ಬೂಟು ಬಿಚ್ಚಿ, ಕಾಲಿಗೆ ಟೇಪು ಸುತ್ತಿಕೊಂಡು, "ಐದು ನಿಮಿಷ" ಎಂದರು. ಅಲ್ಲಿಗೆ ನನ್ನ ತೀರ್ಮಾನ ಮುಗಿದಿತ್ತು.

ಹೊರಡುವ ಮೊದಲೇ ಮಾತಾಡಿಕೊಂಡ ವಿಷಯಗಳಿವೆ. ಖರ್ಚು ಸಮ. ಮಾಂಸವೂ ಸಮ, ಜಿಂಕೆ ಯಾರದೇ ಆಗಿರಲಿ. ಇದು ಅಜ್ಜನ ಕಾಲದ ಪಾಲಿನ ನೆನಪು, ಮೇಷ್ಟರಿಗೆ ಹೇಳಿದಾಗ ಅವರಿಗೆ ಬಹಳ ಹಿಡಿಸಿತು. ನಡೆಯುವಾಗ ಕೋವಿಯ ನಳಿಗೆಯಲ್ಲಿ ತೋಟಾ ಇರಬಾರದು. ಕಾನೂನು ಹೇಳುವ ಐನೂರು ಚದರ ಅಂಗುಲದ ಹೊಳೆಯುವ ಕಿತ್ತಳೆ ಅಂಗಿ ಮತ್ತು ಟೋಪಿಯನ್ನು ಬೇಟೆಯಲ್ಲಿರುವಷ್ಟು ಹೊತ್ತೂ ಕಳಚಬಾರದು. ಉಪಗ್ರಹ ಸಂದೇಶದ ಸಾಧನ ಇಬ್ಬರಲ್ಲೂ ಇರಬೇಕು, ಒಬ್ಬರಲ್ಲಿದ್ದರೆ ಅವರೇ ಕಾಲು ಮುರಿದುಕೊಳ್ಳುತ್ತಾರೆ. ಮದ್ಯ ಮನೆಯಲ್ಲಿ.

ಇವುಗಳ ಮೇಲೊಂದು ನಿಯಮ ಮೇಷ್ಟರು ಸೇರಿಸಿದ್ದು. ಕೋವಿಯ ಕುದುರೆ (ಟ್ರಿಗರ್) ಎಳೆಯುವವನು ಮೊದಲು "ಸರಿಯೇ?" ಎಂದು ಕೇಳಬೇಕು. ಪಕ್ಕದಲ್ಲಿದ್ದವನು "ಸರಿ" ಎನ್ನಬೇಕು. ಅವನು ಸುಮ್ಮನಿದ್ದರೆ ಈಡು ಇಲ್ಲ. ಕಾರಣ ಆಮೇಲೆ ಕೇಳಬಹುದು, ಆಗ ವಾದ ಬೇಡ. ದುರ್ಬೀನಿನಲ್ಲಿ ಕೊಂಬು ಕಂಡವನಿಗೆ ಬೇರೇನೂ ಕಾಣುವುದಿಲ್ಲ. ಆ ಕೊಂಬು ತನ್ನದಲ್ಲ ಎಂದು ತಿಳಿದವನಿಗೆ ಮಾತ್ರ ಅದರ ಕೆಳಗಿನ ಪ್ರಪಾತವೂ ಕಾಣುತ್ತದೆ.

ಅದು ಕೆಲಸಕ್ಕೆ ಬಂದದ್ದು ಹಂಗಾಮಿನ ಮೊದಲ ಸಂಜೆಯೇ. ಯಾವ ಕಣಿವೆ ಎಂದು ಹೇಳುವುದಿಲ್ಲ, ಅಣಬೆ ಏಳುವ ಜಾಗವನ್ನು ಯಾರಾದರೂ ಹೇಳುತ್ತಾರೆಯೇ? ಮೂರು ಕಡೆ ಬಂಡೆ ಎದ್ದ ತಗ್ಗಿನಲ್ಲಿ, ಸ್ಪ್ರೂಸ್ ಮರಗಳು ಮುಗಿಯುವ ಅಂಚಿನಲ್ಲಿ, ಅಗಲ ಕೊಂಬಿನ ಗಂಡೊಂದು ಮೆಲುಕು ಹಾಕುತ್ತಾ ಮಲಗಿತ್ತು. ನೂರೆಂಬತ್ತು ಗಜ. ಗಾಳಿ ನಮ್ಮ ಮುಖಕ್ಕೇ ಬರುತ್ತಿತ್ತು. ಕೋವಿಯನ್ನು ಚೀಲದ ಮೇಲೆ ಊರಿ "ಸರಿಯೇ?" ಎಂದೆ. ಉತ್ತರ ಬರಲಿಲ್ಲ. ಮತ್ತೆ ಕೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ. ಕತ್ತಲಾಗುವವರೆಗೆ ಅದು ಮಲಗಿತ್ತು, ನಾವೂ ಮಲಗಿಯೇ ನೋಡಿದೆವು. ಡೇರೆಗೆ ಬಂದ ಮೇಲೆ ಮೇಷ್ಟರು ಹೇಳಿದರು: ಎದೆಗೆ ಬಿದ್ದ ಜಿಂಕೆಯೂ ಐವತ್ತು ಹೆಜ್ಜೆ ಓಡುತ್ತದೆ, ಓಡುವುದು ಇಳಿಜಾರಿಗೆ. ಐವತ್ತು ಹೆಜ್ಜೆ ಕೆಳಗೆ ಸಡಿಲ ಕಲ್ಲಿನ ಜಾರು, ಅದರ ಕೆಳಗೆ ಹಗ್ಗವಿಲ್ಲದೆ ಇಳಿಯಲಾಗದ ಕೊರಕಲು. ಬೆಳಕು ಉಳಿದದ್ದು ಅರ್ಧ ತಾಸು. ಮಾತು ಅಲ್ಲಿಗೆ ಮುಗಿಯಿತು, ಸೂಪು ಕುಡಿದು ಮಲಗಿದೆವು.

ಬೆಟ್ಟದ ಗಾಳಿಯ ವಿಷಯ ಸ್ವಲ್ಪ ಹೇಳಲೇಬೇಕು, ಜೊತೆಗಾರನ ಅರ್ಧ ಕೆಲಸ ಇದರಲ್ಲಿದೆ. ಮುಂಜಾನೆಯ ತಂಪಿನಲ್ಲಿ ಗಾಳಿ ಕಣಿವೆಗೆ ಇಳಿಯುತ್ತದೆ. ಬಿಸಿಲು ಬಿದ್ದು ನೆಲ ಕಾದ ಮೇಲೆ ದಿಕ್ಕು ಬದಲಿಸಿ ಮೇಲೇರುತ್ತದೆ, ಸಂಜೆ ಮತ್ತೆ ಇಳಿಯುತ್ತದೆ. ಇಳಿಗಾಳಿ ಏರುಗಾಳಿಯಾಗುವ ಆ ನಡುವಿನ ಹೊತ್ತಿನಲ್ಲಿ ಅದು ಎತ್ತ ಬೇಕಾದರೂ ಸುಳಿದಾಡುತ್ತದೆ, ಆಗ ಜಿಂಕೆಯ ಹತ್ತಿರ ಹೋದವನ ವಾಸನೆ ಮೊದಲೇ ತಲುಪಿರುತ್ತದೆ. ಮೇಷ್ಟರ ಜೇಬಿನಲ್ಲಿ ಪುಡಿ ತುಂಬಿದ ಚಿಕ್ಕ ಪ್ಲಾಸ್ಟಿಕ್ ಸೀಸೆ ಇರುತ್ತದೆ. ಹತ್ತು ಹೆಜ್ಜೆಗೊಮ್ಮೆ ಅದನ್ನು ಹಿಸುಕಿ ಪುಡಿ ಹೋಗುವ ದಿಕ್ಕು ನೋಡುತ್ತಾರೆ. ನಾನು ಜಿಂಕೆ ನೋಡುತ್ತೇನೆ, ಅವರು ಗಾಳಿ ನೋಡುತ್ತಾರೆ.

ಎರಡು ದಿನ ಬಿಟ್ಟು ಬೆಳಿಗ್ಗೆ ಬೇರೊಂದು ಗಂಡು ಸಿಕ್ಕಿತು, ಕೊಂಬು ಮೊದಲಿನದಕ್ಕಿಂತ ಚಿಕ್ಕದು. ವಿಲ್ಲೋ ಪೊದೆಗಳ ನಡುವೆ ಸಮತಟ್ಟು ಹುಲ್ಲಿನಲ್ಲಿ ಮೇಯುತ್ತಿತ್ತು. "ಸರಿಯೇ?" "ಸರಿ." ಮುಂಗಾಲಿನ ಹಿಂದಕ್ಕೆ ಹೊಡೆದೆ. ನಾಲ್ಕಾರು ನೆಗೆತ ನೆಗೆದು ಪೊದೆಯ ಆಚೆ ಮರೆಯಾಯಿತು. ಅರ್ಧ ತಾಸು ಕುಳಿತೆವು. ಕೂಡಲೇ ಬೆನ್ನು ಹತ್ತಿದರೆ ಸಾಯುತ್ತಿರುವ ಪ್ರಾಣಿಯನ್ನು ಸುಮ್ಮನೆ ಇನ್ನೊಂದು ಮೈಲಿ ಓಡಿಸಿದಂತೆ. ಹೋಗಿ ಹಿಂದಿನಿಂದ ಕಡ್ಡಿಯಲ್ಲಿ ಕಣ್ಣು ಮುಟ್ಟಿದೆ, ಮಿಟುಕಲಿಲ್ಲ. ಪರವಾನಗಿಯ ಚೀಟಿ ಹರಿದು, ತಾರೀಕು ಬರೆದು, ಸಹಿ ಹಾಕಿ ಆಮೇಲೆ ಚಾಕು ತೆಗೆದದ್ದು.

ಹೊಟ್ಟೆ ಬಗೆಯದೆ ಮಾಂಸ ಬಿಡಿಸುವ ಕ್ರಮವೊಂದಿದೆ, ನಾಲ್ಕು ಕೈಗಳಿದ್ದರೆ ಅದಕ್ಕಿಂತ ಚೆಂದದ್ದಿಲ್ಲ. ಬೆನ್ನುಹುರಿಯ ಗುಂಟ ಚರ್ಮ ಸೀಳಿ ಒಂದು ಪಕ್ಕಕ್ಕೆ ಸುಲಿಯುತ್ತೇವೆ. ಮೇಷ್ಟರು ಮುಂಗಾಲನ್ನು ಮೇಲೆತ್ತಿ ಹಿಡಿದರು, ನಾನು ಅದರ ಅಡಿಯಲ್ಲಿ ಚಾಕು ಆಡಿಸಿದೆ. ಜಿಂಕೆಯ ಮುಂಗಾಲನ್ನು ಎದೆಗೂಡಿಗೆ ಸೇರಿಸುವ ಕೀಲು ಇಲ್ಲ, ಅದು ಬರಿ ಮಾಂಸಖಂಡದಲ್ಲಿ ನಿಂತಿರುತ್ತದೆ; ಎತ್ತಿದಂತೆಲ್ಲ ತಾನಾಗಿ ಬಿಡಿಸಿಕೊಂಡು ಬರುತ್ತದೆ. ಹಿಂಗಾಲಿಗೆ ಮಾತ್ರ ಸೊಂಟದ ಗುಂಡುಕೀಲನ್ನು ಚಾಕುವಿನ ತುದಿಯಲ್ಲಿ ಹುಡುಕಬೇಕು, ಲಟ್ ಎಂದು ಬಾಯಿ ಬಿಟ್ಟರೆ ಸರಿಯಾದ ಜಾಗ. ಬೆನ್ನಿನ ಎರಡು ಉದ್ದ ಪಟ್ಟಿ, ಕೊರಳು, ಕೊನೆಗೆ ಪಕ್ಕೆಲುಬಿನ ಹಿಂದೆ ಕೈ ಹಾಕಿ ತೆಗೆಯುವ ಒಳಮಾಂಸ. ಗಂಡೆನ್ನುವ ಗುರುತು ಮಾಂಸಕ್ಕೆ ಅಂಟಿಕೊಂಡೇ ಇರಬೇಕೆಂಬ ನಿಯಮವಿದೆ, ಅದನ್ನು ಒಂದು ಹಿಂದೊಡೆಯಲ್ಲಿ ಬಿಟ್ಟೆವು. ಎಲ್ಲವನ್ನೂ ಹತ್ತಿಬಟ್ಟೆಯ ಚೀಲಗಳಲ್ಲಿ ಹಾಕಿ ದೂರದ ಸ್ಪ್ರೂಸ್ ನೆರಳಿನಲ್ಲಿ ತೂಗುಹಾಕಿದೆವು. ಗಾಳಿಗೆ ಮೇಲ್ಮೈ ಒಣಗಿ ಹೊರಪೊರೆ ಕಟ್ಟಿದರೆ ನೊಣ ಕೂರುವುದಿಲ್ಲ.

ಇಳಿಯುವ ದಾರಿಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಭಾರವಾಗಿತ್ತು. ಸರದಿಯ ಮೇಲೆ ತಲೆಯನ್ನು ಬದಲಾಯಿಸಿಕೊಂಡೆವು. ಹುಬ್ಬಳ್ಳಿಯ ಗೆಳೆಯನೊಬ್ಬ ಕಾರು ನಿಲ್ಲಿಸಿ ಅರ್ಧ ದಾರಿ ಎದುರು ಬಂದಿದ್ದ. ಅವನು ಬೇಟೆಗಾರನಲ್ಲ. "ನೋಡಿ, ತಿನ್ನಲು ನನಗೆ ಅಡ್ಡಿಯಿಲ್ಲ, ಕೊಲ್ಲುವುದು ಆಗುವುದಿಲ್ಲ, ಹೊರುವುದಾದರೆ ಎಷ್ಟಾದರೂ ಹೊರುತ್ತೇನೆ" ಎನ್ನುವ ಮನುಷ್ಯ. ಬರಿ ಹೊರಲು ಬರುವವರಿಗೆ ಪರವಾನಗಿ ಬೇಕಿಲ್ಲ. ಎರಡು ತೊಡೆ ಅವನ ಚೀಲಕ್ಕೆ ಹೋದವು.

ಜಿಂಕೆಯ ತಲೆಯನ್ನು ರೋಗದ ಪರೀಕ್ಷೆಗೆಂದು ರಾಜ್ಯದ ವನ್ಯಜೀವಿ ಇಲಾಖೆಗೆ ಕೊಟ್ಟೆ. ಜಿಂಕೆಗಳ ಮಿದುಳನ್ನು ಕೊರೆಯುವ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಎಂಬ ರೋಗವನ್ನು ಮೊದಲು ಗುರುತಿಸಿದ್ದೇ ಈ ರಾಜ್ಯದಲ್ಲಿ, 1967ರಲ್ಲಿ, ಸಾಕಿದ ಜಿಂಕೆಗಳಲ್ಲಿ. ಮನುಷ್ಯರಿಗೆ ಅಂಟಿದ ಪ್ರಕರಣ ದೃಢಪಟ್ಟಿಲ್ಲ, ಆದರೂ ರೋಗವಿದ್ದ ಜಿಂಕೆಯ ಮಾಂಸ ತಿನ್ನಬೇಡಿ ಎಂದೇ ಸಲಹೆ. ಫಲಿತಾಂಶ ಬರುವವರೆಗೆ ಇಬ್ಬರ ಫ್ರೀಜರಿನಲ್ಲೂ ಪೊಟ್ಟಣಗಳು ಹಾಗೇ ಇದ್ದವು. ರೋಗವಿಲ್ಲ ಎಂದು ಬಂದ ಸಂಜೆ ಕಾಳುಮೆಣಸು, ಕೊತ್ತಂಬರಿ ಬೀಜ ಹುರಿದು ಅಮ್ಮನ ಲೆಕ್ಕದ ಮಸಾಲೆ ಅರೆದೆ. ಕೊಬ್ಬಿಲ್ಲದ ಮಾಂಸ, ಎಣ್ಣೆ ಕೈಬಿಚ್ಚಿ ಹಾಕಬೇಕು. ಮೇಷ್ಟರು ಮೂಗು ಒರೆಸಿಕೊಳ್ಳುತ್ತಲೇ ಎರಡು ಸಲ ಬಡಿಸಿಕೊಂಡರು.

ಈಗ ಇಬ್ಬರ ಪಾಯಿಂಟುಗಳೂ ಸೊನ್ನೆ, ಮತ್ತೆ ಕೂಡಿಡುವುದು ಶುರುವಾಗಿದೆ. ಹುಬ್ಬಳ್ಳಿಯವನದೂ ಸೊನ್ನೆಯೇ ಆದ್ದರಿಂದ ಅವನನ್ನು ಗುಂಪಿಗೆ ಸೇರಿಸಿಕೊಂಡರೆ ನಷ್ಟವಿಲ್ಲ ಎಂದು ಮೇಷ್ಟರು ಲೆಕ್ಕ ಹಾಕಿಟ್ಟಿದ್ದಾರೆ. ಅವನು ಸುರಕ್ಷತಾ ತರಗತಿಗೇನೋ ಹೆಸರು ಕೊಟ್ಟಿದ್ದಾನೆ, ಅರ್ಜಿಯ ಮಾತೆತ್ತಿದರೆ ಮಾತ್ರ ಹೊಸ ಬೆನ್ನುಚೀಲದ ವಿಚಾರ ತೆಗೆಯುತ್ತಾನೆ.