ಪದದ ತವರು ಕೇಳಿ: ಸ್ಕ್ರಿಪ್ಸ್ ಸ್ಪೆಲ್ಲಿಂಗ್ ಬೀಗೆ ಮಕ್ಕಳ ತಯಾರಿ

ಕನ್ನಡದಲ್ಲಿ ಕಾಗುಣಿತ ಬಂದರೆ ಕೇಳಿದ್ದನ್ನು ಹೆಚ್ಚುಕಡಿಮೆ ಕೇಳಿದಂತೆಯೇ ಬರೆಯಬಹುದು. ಇಂಗ್ಲಿಷ್ ಹಾಗಲ್ಲ. ಒಂದೇ 'ಶ' ಸದ್ದು ಫ್ರೆಂಚಿನಿಂದ ಬಂದ ಪದದಲ್ಲಿ ಸಿ-ಎಚ್, ಜರ್ಮನ್ನಿನಿಂದ ಬಂದದ್ದರಲ್ಲಿ ಎಸ್-ಸಿ-ಎಚ್. ಓದಿ ಹೇಳಿದ ಇಂಗ್ಲಿಷ್ ಪದದ ಅಕ್ಷರಗಳನ್ನು ವೇದಿಕೆಯಲ್ಲಿ ಬಾಯಲ್ಲೇ ಹೇಳುವ ಸ್ಪರ್ಧೆ ಸ್ಪೆಲ್ಲಿಂಗ್ ಬೀ. ಅಮೆರಿಕದ ರಾಷ್ಟ್ರೀಯ ಸ್ಪೆಲ್ಲಿಂಗ್ ಬೀಗೆ, ಅಂದರೆ ಸ್ಕ್ರಿಪ್ಸ್ ಸ್ಪರ್ಧೆಗೆ, ಮಗುವನ್ನು ಅಣಿಗೊಳಿಸುವಾಗ ಉರು ಹೊಡೆಸುವ ಮೊದಲು ಪದದ ತವರು ಕೇಳುವುದನ್ನು ರೂಢಿ ಮಾಡಿಸಿ.

ಸ್ಪರ್ಧೆ ಎಂಟನೇ ತರಗತಿಯವರೆಗಿನ ಮಕ್ಕಳಿಗೆ. ಸಂಘಟಕರ 4,000 ಪದಗಳ ಪಟ್ಟಿಯಿಂದ ಶುರುಮಾಡಿ. ಮೇಲಿನ ಸುತ್ತುಗಳಲ್ಲಿ ಮೆರಿಯಂ-ವೆಬ್‌ಸ್ಟರ್ ಬೃಹತ್ ನಿಘಂಟಿನ ಯಾವ ಮೂಲೆಯಿಂದಲಾದರೂ ಪದ ಬರಬಹುದು. ಅಷ್ಟನ್ನೂ ಬಾಯಿಪಾಠ ಮಾಡಲು ಯಾರಿಂದಲೂ ಆಗದು. ಆಗ ಕೈಹಿಡಿಯುವುದು ವೇದಿಕೆಯಲ್ಲಿ ಕೇಳಬಹುದಾದ ಪ್ರಶ್ನೆಗಳು: ಮೂಲ ಭಾಷೆ, ಅರ್ಥ, ವ್ಯಾಕರಣ ವರ್ಗ, ವಾಕ್ಯದಲ್ಲಿ ಬಳಕೆ, ಬೇರೆ ಉಚ್ಚಾರಣೆ.

ಗ್ರೀಕ್ ಎಂದರೆ 'ಫ'ಗೆ ಪಿ-ಎಚ್, 'ಕ'ಗೆ ಬಹಳ ಸಲ ಸಿ-ಎಚ್, ನಡುವಿನ 'ಇ'ಗೆ ವೈ ಇರಬಹುದೇ ಎಂದು ನೋಡಬೇಕು. ಕ್ರಿಸಾಂಥಿಮಮ್‌ನ ಮೊದಲ ನಾಲ್ಕು ಅಕ್ಷರ ಸಿ-ಎಚ್-ಆರ್-ವೈ ಆಗಿರುವುದು ಹೀಗೆ. ಫ್ರೆಂಚ್ ಎಂದರೆ ಕೊನೆಯ 'ಓ' ಇ-ಎ-ಯು ಆಗಿರಬಹುದು: ಬ್ಯೂರೋ, ಪ್ಲಾಟೋ.

ವ್ಯಾಕರಣ ವರ್ಗವನ್ನು ಮಕ್ಕಳು ಸುಮ್ಮನೆ ಸಮಯ ತಳ್ಳಲು ಕೇಳುತ್ತಾರೆ. ಅದು ಹಾಗೆ ಪೋಲಾಗಬಾರದು. ಪದದ ಕೊನೆಗೆ 'ಅಸ್' ಕೇಳಿದರೆ, ಲ್ಯಾಟಿನ್ ನಾಮಪದಕ್ಕೆ ಸಾಮಾನ್ಯವಾಗಿ ಯು-ಎಸ್, ಗುಣವಾಚಕಕ್ಕೆ ಓ-ಯು-ಎಸ್. 1925ರ ಮೊದಲ ಸ್ಪರ್ಧೆ ಗೆದ್ದುಕೊಟ್ಟ ಗ್ಲಾಡಿಯೋಲಸ್ ಹೂವಿನ ಹೆಸರು, ಆದ್ದರಿಂದ ಯು-ಎಸ್. ಕ್ಯಾಲಸ್ ಎಂಬ ಪದಕ್ಕಂತೂ ಎರಡೂ ರೂಪವಿದೆ: ಚರ್ಮದ ಗಂಟಾದರೆ ಯು-ಎಸ್, ಕಠೋರ ಎಂಬರ್ಥದಲ್ಲಿ ಓ-ಯು-ಎಸ್.

ಹೆಚ್ಚಿನ ಮಕ್ಕಳು ಎಡವುವುದು ಒತ್ತಿಲ್ಲದ, ಅಂದರೆ ಉಚ್ಚರಿಸುವಾಗ ದನಿ ಜೋರಾಗದ ಸ್ವರದಲ್ಲಿ. ಒತ್ತು ಬೀಳದ ಕಡೆ ಎ, ಇ, ಓ ಎಲ್ಲವೂ ಸವೆದು ಒಂದೇ ಮಂಕು 'ಅ' ಆಗುತ್ತವೆ. ಕಿವಿ ಎಷ್ಟೇ ಚುರುಕಾಗಿದ್ದರೂ ವ್ಯತ್ಯಾಸ ಸಿಗದು. ಉಪಾಯ: ಅದೇ ಕುಟುಂಬದ ಇನ್ನೊಂದು ಪದ ನೆನೆಯುವುದು. 'ಗ್ರಾಮರ್' ಕೊನೆಯಲ್ಲಿ ಎ-ಆರ್ ಬರುತ್ತದೋ ಇ-ಆರ್ ಬರುತ್ತದೋ? 'ಗ್ರಮ್ಯಾಟಿಕಲ್' ಅನ್ನಿ, ಒತ್ತು ಜರುಗಿ 'ಎ' ತಾನಾಗಿ ಕೇಳಿಸುತ್ತದೆ.

ದಿನಕ್ಕೆ 25 ಹೊಸ ಪದ ಸಾಕು, ಅಕಾರಾದಿಯಾಗಿ ಬೇಡ, ಮೂಲ ಭಾಷೆಯಂತೆ ಗುಂಪು ಮಾಡಿ. ಪದವನ್ನು ಮಗು ನೋಡದೆ ಬೇರೆಯವರು ಓದಬೇಕು. ತಪ್ಪಿದ್ದನ್ನು ಪುಸ್ತಕದಲ್ಲಿ ಬರೆದು 2, 7 ಮತ್ತು 21ನೇ ದಿನ ಮತ್ತೆ ಕೇಳಿ. ಮನೆಯಲ್ಲಿ ಓದುವವರ 'ವ' ಒಂದೇ ಆಗಿದ್ದರೆ ವಿ ಮತ್ತು ಡಬ್ಲ್ಯೂ ಕಲಸಿಹೋಗುತ್ತವೆ; ಅಂಥ ಪದಗಳಿಗೆ ನಿಘಂಟಿನ ಧ್ವನಿಯನ್ನೇ ಹಾಕಿ. ಅರ್ಥವನ್ನೂ ಬಿಡಬೇಡಿ, 2021ರಿಂದ ವೇದಿಕೆಯಲ್ಲೇ ಪದದ ಅರ್ಥ ಕೇಳುವ ಸುತ್ತು ಇದೆ.

ಮೈಕಿನ ಮುಂದೆ ಮೊದಲು ಪದವನ್ನು ತಿರುಗಿ ಉಚ್ಚರಿಸಲಿ, ತಪ್ಪು ಕೇಳಿಸಿಕೊಂಡಿದ್ದರೆ ಅಲ್ಲೇ ಗೊತ್ತಾಗುತ್ತದೆ. ಸಿಂಬಲ್ ಎಂದರೆ ತಾಳವೋ ಚಿಹ್ನೆಯೋ ಎಂದು ಅರ್ಥ ಕೇಳದೆ ತಿಳಿಯದು. ಆಮೇಲೆ ಅಂಗೈ ಮೇಲೆ ಬೆರಳಿನಲ್ಲಿ ಪೂರ್ತಿ ಬರೆದು ನೋಡಿ ಬಾಯಿ ತೆರೆಯಲಿ. ಮಧ್ಯದಲ್ಲಿ ನಿಲ್ಲಿಸಿ ಮೊದಲಿನಿಂದ ಶುರುಮಾಡಲು ನಿಯಮದಲ್ಲಿ ಅವಕಾಶವಿದೆ, ಆದರೆ ಒಮ್ಮೆ ಹೇಳಿದ ಅಕ್ಷರ ಬದಲಾದರೆ ತಪ್ಪೆಂದು ಸೂಚಿಸುವ ಗಂಟೆ ಬಾರಿಸುತ್ತದೆ.