ವೆಂಗರ್ ಖಾತೆ: ಪ್ರತಿ ಕೆಂಪು ಕಾರ್ಡ್‌ಗೂ ಒಂದು ಹಸಿರು ಜೋಡಿ

1996ರಿಂದ 2018ರವರೆಗೆ ಮ್ಯಾನೇಜರ್ ಆಗಿದ್ದ ಆರ್ಸೆನ್ ವೆಂಗರ್ ಇಂಗ್ಲೆಂಡ್‌ನ ಫುಟ್‌ಬಾಲ್ ಕ್ಲಬ್ ಆರ್ಸೆನಲ್‌ಗೆ ಬಿಟ್ಟುಹೋದದ್ದೇನು ಎಂಬ ಜಗಳವನ್ನು ಕಾಗದಕ್ಕೆ ಇಳಿಸಲು ಸಾಧ್ಯವೇ ಇಲ್ಲ ಎಂದು ಹೇಳಿದವರೇ ಹೆಚ್ಚು. ಅರ್ಧ ಜನ ಲೀಗ್‌ನಲ್ಲಿ ಒಂದೂ ಪಂದ್ಯ ಸೋಲದ 2003-04ರ ಅಜೇಯ ಸೀಸನ್ ಅನ್ನುತ್ತಾರೆ, ಇನ್ನರ್ಧ ಜನ ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಸೋತ ಎಂಟು-ಎರಡು ಅನ್ನುತ್ತಾರೆ, ನಿನಗೆ ಸಿಗುವುದು ಎರಡು ಗುಂಪಿನ ಕೂಗಾಟ ಅಷ್ಟೇ ಎಂಬುದು ಅವರ ವಾದ. ಮೂರು ಸಲ ಅವರ ಮಾತೇ ನಿಜವಾಯಿತು. ನಾಲ್ಕನೇ ಸಲ ಖಾತೆ ತಾಳೆಯಾಯಿತು. ಅಭಿಮಾನಿಗಳ ನೆನಪು ಕಲೆಹಾಕುವ ಕೆಲಸಕ್ಕೆ ಕೈಹಾಕಿದವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. ಸ್ಪ್ರೆಡ್‌ಶೀಟ್, ಹಳೆಯ ಅಂಕಪಟ್ಟಿ, ಪಂದ್ಯಗಳ ತಾರೀಕುಪಟ್ಟಿ ನಿಮ್ಮ ಬಳಿ ಇದ್ದೇ ಇರುತ್ತವೆ, ಅವುಗಳ ಪಾಠ ಬೇಡ.

ಮೊದಲು ಕೆಟ್ಟದ್ದನ್ನು ಹೇಳಿಬಿಡುತ್ತೇನೆ. ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದ್ದು ಮೊದಲ ತಪ್ಪು. ಬಹುತೇಕ ಎಲ್ಲರೂ ಏಳೋ ಎಂಟೋ ಕೊಟ್ಟರು. ಕೋಪದಿಂದ ಕೊಟ್ಟ ಏಳು, ಪ್ರೀತಿಯಿಂದ ಕೊಟ್ಟ ಏಳು ಎರಡೂ ಹಾಳೆಯ ಮೇಲೆ ಒಂದೇ. ಎರಡನೆಯದು ದುಬಾರಿ ತಪ್ಪು. ಉದ್ದುದ್ದ ಮಾತುಕತೆ ಧ್ವನಿಮುದ್ರಿಸಿಕೊಂಡು, ದುಡ್ಡು ಕೊಟ್ಟು ಬರಹಕ್ಕಿಳಿಸಿದೆ. ಈ ಇಡೀ ಕೆಲಸದಲ್ಲಿ ಹೆಚ್ಚು ಖರ್ಚಾದದ್ದು ಅದಕ್ಕೇ, ಬಂದದ್ದು ಬರೀ ವಿಶೇಷಣಗಳು. ಒಂದು ಗಂಟೆಯ ಮಾತಿನಲ್ಲಿ ತಾರೀಕು ಹಾಕಬಹುದಾದ ಸಂಗತಿ ನಾಲ್ಕು ಸಿಕ್ಕರೆ ಪುಣ್ಯ. ಮೂರನೆಯದು ಜಮಾ-ಖರ್ಚಿನ ಎರಡು ಕಾಲಂ. ಅದು ಮುರಿದದ್ದು ಇಂಗ್ಲೆಂಡ್‌ನ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್‌ನಲ್ಲಿ. ಏಳು ಎಫ್‌ಎ ಕಪ್ ಎಂದು ಒಬ್ಬರು ಜಮಾಕ್ಕೆ ಬರೆಸಿದರೆ, ಕೊನೆಗೆ ಉಳಿದದ್ದು ಎಫ್‌ಎ ಕಪ್ ಮಾತ್ರ ಎಂದು ಇನ್ನೊಬ್ಬರು ಅದನ್ನೇ ಖರ್ಚಿಗೆ ಬರೆಸುತ್ತಾರೆ.

ಗೆದ್ದ ವಿಧಾನ ಹೀಗಿದೆ. ಮೊದಲ ಪ್ರಶ್ನೆ ಒಂದೇ: ಯಾವ ಸೀಸನ್‌ನಿಂದ ನೋಡಲು ಶುರುಮಾಡಿದಿರಿ? ಆಮೇಲೆ ಐದು ಖಾಲಿ ಕಾರ್ಡ್. ಒಂದು ಕಾರ್ಡ್‌ಗೆ ಒಂದು ಪಂದ್ಯ. ಅಭಿಪ್ರಾಯ ಬರೆಯುವಂತಿಲ್ಲ. ಎದುರಾಳಿ, ಮೈದಾನ, ಕಣ್ಣಿಗೆ ಕಟ್ಟಿದ ಒಂದೇ ಒಂದು ದೃಶ್ಯ, ಇಷ್ಟೇ. ಸ್ಕೋರ್ ಮತ್ತು ತಾರೀಕು ಅವರು ಹೇಳಿದರೂ ಬರೆಯಬಾರದು, ಆಮೇಲೆ ದಾಖಲೆ ನೋಡಿ ನಾವೇ ತುಂಬಬೇಕು. ಕೊನೆಗೆ ಅವರ ಕೈಯಲ್ಲೇ ಹಸಿರು ಅಥವಾ ಕೆಂಪು ಗುರುತು ಹಾಕಿಸಬೇಕು. ಸುಮಾರು 60 ಜನ, ಹತ್ತಿರ ಹತ್ತಿರ 300 ಕಾರ್ಡ್ ಆದವು. ಕಾರ್ಡ್ ಕೈಗೆ ಕೊಡುವ ಮುನ್ನ ಇನ್ನೊಂದು ಮಾತು ಕೇಳುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮೊದಲೇ ಗೊತ್ತಿದ್ದವರ ಮೇಲೆ ಅದು ನಡೆಯುವುದಿಲ್ಲ.

ಇನ್ನು ಜೋಡಿ ಕಾಲಂ. ಪ್ರತಿ ಕೆಂಪು ಕಾರ್ಡ್‌ಗೆ ಹಿಂದೆ ಅಥವಾ ಮುಂದೆ 90 ದಿನದೊಳಗಿನ ಹಸಿರು ಕಾರ್ಡ್ ಹುಡುಕಬೇಕು. ಅದು ಬೇರೆಯವರ ಕಾರ್ಡ್ ಆದರೂ ಸರಿ. 30 ದಿನ ಇಟ್ಟರೆ ದೊಡ್ಡ ಗಾಯಗಳೇ ಒಂಟಿಯಾಗಿ ಉಳಿಯುತ್ತವೆ. 180 ದಿನ ಇಟ್ಟರೆ ಎರಡು ಸೀಸನ್ ಕಲಸಿಹೋಗಿ ಯಾವುದಕ್ಕೂ ಯಾವುದೋ ಒಂದು ಅಂಟಿಕೊಳ್ಳುತ್ತದೆ, ಆಗ ಜೋಡಿಗೆ ಬೆಲೆಯಿಲ್ಲ.

90 ದಿನಕ್ಕೆ ಬಂದದ್ದು ನೋಡಿ. 2011ರ ಆಗಸ್ಟ್ 28, ಮ್ಯಾಂಚೆಸ್ಟರ್ ಯುನೈಟೆಡ್‌ನ ಮೈದಾನ ಓಲ್ಡ್ ಟ್ರಾಫರ್ಡ್, 8-2 ಸೋಲು. ಕೆಂಪು ಕಾರ್ಡ್‌ಗಳಲ್ಲಿ ಅತಿ ಹೆಚ್ಚು ಸಲ ಬಂದದ್ದು ಇದೇ. 62 ದಿನಕ್ಕೆ ಸ್ಟ್ಯಾಮ್‌ಫರ್ಡ್ ಬ್ರಿಡ್ಜ್‌ನಲ್ಲಿ ಚೆಲ್ಸಿಯ ಮೇಲೆ 5-3, ವ್ಯಾನ್ ಪರ್ಸಿಯ ಹ್ಯಾಟ್ರಿಕ್. 2011ರ ಫೆಬ್ರವರಿ 27, ಲೀಗ್ ಕಪ್ ಫೈನಲ್‌ನಲ್ಲಿ ಆರ್ಸೆನಲ್‌ನ ಕೊಶಿಯೆಲ್ನಿ ಮತ್ತು ಶ್ಚೆಸ್ನಿ ನಡುವಿನ ಗೊಂದಲದಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಸಿಕ್ಕ ಗೋಲು. ಅದಕ್ಕೆ 11 ದಿನ ಹಿಂದೆ ಇದೇ ಆರ್ಸೆನಲ್ ಬಾರ್ಸಿಲೋನಾವನ್ನು 2-1ರಿಂದ ಸೋಲಿಸಿತ್ತು. 2008ರ ಫೆಬ್ರವರಿ 23, ಆರ್ಸೆನಲ್‌ನ ಎಡ್ವಾರ್ಡೊನ ಕಾಲು ಮುರಿದ ದಿನ. ಹತ್ತೇ ದಿನಕ್ಕೆ ಮಿಲಾನ್‌ನ ಅಂಗಳದಲ್ಲೇ 2-0 ಗೆಲುವು. 2017ರ ಮಾರ್ಚ್ 7ರಂದು ಬಯರ್ನ್ ಎದುರು ಎರಡೂ ಸುತ್ತು ಸೇರಿ 10-2 ಸೋಲು, 81 ದಿನಕ್ಕೆ ಚೆಲ್ಸಿಯನ್ನು ಮಣಿಸಿ ಎಫ್‌ಎ ಕಪ್.

ನನ್ನ ಹಾಳೆಯಲ್ಲಿ ಅತ್ಯಂತ ಗಟ್ಟಿಯಾದ ಜೋಡಿ 2014ರದ್ದು. ಮಾರ್ಚ್ 22, ವೆಂಗರ್ ಅವರ ಸಾವಿರದ ಪಂದ್ಯ, ಚೆಲ್ಸಿ ಎದುರು 6-0 ಸೋಲು. ಕಾರ್ಡ್‌ಗಳಲ್ಲಿ ಬರೆದ ದೃಶ್ಯ ಹೆಚ್ಚುಕಡಿಮೆ ಒಂದೇ: ಚೆಂಡನ್ನು ಕೈಯಿಂದ ತಡೆದದ್ದು ಆಕ್ಸ್‌ಲೇಡ್-ಚೇಂಬರ್ಲೇನ್, ರೆಫರಿ ಹೊರಗೆ ಕಳಿಸಿದ್ದು ಗಿಬ್ಸ್‌ನನ್ನು. ಸರಿಯಾಗಿ ಎಂಟು ವಾರಕ್ಕೆ, ಮೇ 17ರಂದು, ಹಲ್ ಸಿಟಿ ಎದುರು 0-2 ಹಿಂದೆಬಿದ್ದು 3-2ರಿಂದ ಎಫ್‌ಎ ಕಪ್, 109ನೇ ನಿಮಿಷದಲ್ಲಿ ರಾಮ್ಸಿ. ಈ ಎರಡು ಕಾರ್ಡ್‌ಗಳನ್ನು ಪಕ್ಕಪಕ್ಕ ಇಟ್ಟ ಮೇಲೆ, ವೆಂಗರ್ ಅವಧಿಯ ಮೊದಲರ್ಧ ಚಿನ್ನ, ಎರಡನೆಯ ಅರ್ಧ ಮಣ್ಣು ಎನ್ನುವವರ ದನಿ ತಗ್ಗಿತು. ಚಿನ್ನ ಮತ್ತು ಮಣ್ಣು ಒಂದೇ ಋತುವಿನೊಳಗೆ ಬೆರೆತಿವೆ. ಅಭಿಮಾನಿಗಳನ್ನು ದಣಿಸಿದ್ದೂ ಅದೇ, ಬಿಟ್ಟುಹೋಗದಂತೆ ಹಿಡಿದಿಟ್ಟಿದ್ದೂ ಅದೇ.

ತಾರೀಕು ತುಂಬುವಾಗ ಎಚ್ಚರ ಬೇಕಾದ ಜಾಗಗಳಿವೆ. 49 ಪಂದ್ಯಗಳ ಅಜೇಯ ಓಟ ಅಜೇಯ ಸೀಸನ್‌ನಲ್ಲೇ ಮುಗಿಯಿತು ಎಂದು ಬಹಳ ಜನ ನೆನೆಯುತ್ತಾರೆ. ಅದು ನಿಂತದ್ದು ಮುಂದಿನ ಸೀಸನ್‌ನಲ್ಲಿ, 2004ರ ಅಕ್ಟೋಬರ್ 24ರಂದು. ಫ್ಯಾಬ್ರೆಗಾಸ್ ಮತ್ತು ನಾಸ್ರಿ ಹೊರಟದ್ದು 8-2 ಆದಮೇಲೆ ಅನ್ನುತ್ತಾರೆ, ಇಬ್ಬರೂ ಅದಕ್ಕೆ ಮೊದಲೇ ಹೋಗಿದ್ದರು. ಆಮೇಲೆ ಬಂದದ್ದು ಆರ್ಟೆಟಾ, ಮೆರ್ಟೆಸಾಕರ್ ಖರೀದಿಯ ಧಾವಂತ. ಟ್ರೋಫಿಯಿಲ್ಲದ ಬರಗಾಲ ಎಂಟು ವರ್ಷವೋ ಒಂಬತ್ತೋ ಎಂಬ ಜಗಳ ಪ್ರತಿ ಸಲ ಏಳುತ್ತದೆ. ಬರಿಗೈಯ ಸೀಸನ್‌ಗಳು ಎಂಟು. 2005ರ ಮೇ 21ರಿಂದ 2014ರ ಮೇ 17ರವರೆಗೆ ಕ್ಯಾಲೆಂಡರ್ ಎಣಿಸಿದರೆ ಒಂಬತ್ತು ವರ್ಷಕ್ಕೆ ನಾಲ್ಕು ದಿನ ಕಡಿಮೆ. ಹಾಳೆಯಲ್ಲಿ ಎರಡನ್ನೂ ಬರೆಯಿರಿ, ಅರ್ಧ ಗಂಟೆ ಉಳಿಯುತ್ತದೆ.

ಉತ್ತರ ಕೊಟ್ಟ ತಾರೀಕಿಗೂ ಒಂದು ಕಾಲಂ ಬೇಕು. ಇದನ್ನು ತಡವಾಗಿ ಸೇರಿಸಿ ಕೈಸುಟ್ಟುಕೊಂಡೆ. 2018ರ ಏಪ್ರಿಲ್‌ನಲ್ಲಿ ನಿರ್ಗಮನ ಘೋಷಣೆಯಾದಾಗ ಇದ್ದ ನೆನಪು ಬೇರೆ. 2020 ಮತ್ತು 2021ರಲ್ಲಿ ತಂಡ ಸತತ ಎರಡು ಸಲ ಎಂಟನೇ ಸ್ಥಾನಕ್ಕೆ ಬಿದ್ದಮೇಲೆ ಬಂದ ನೆನಪು ಬೇರೆ. ನಾಲ್ಕನೇ ಸ್ಥಾನವೂ ಒಂದು ಟ್ರೋಫಿಯೇ ಎಂಬ ವೆಂಗರ್ ಮಾತಿಗೆ ಕಿಡಿಕಾರಿದವರೇ ಆಗ ನಾಲ್ಕನೇ ಸ್ಥಾನಕ್ಕೆ ಹಂಬಲಿಸುತ್ತಿದ್ದರು. 2023ರ ಜುಲೈನಲ್ಲಿ ಕ್ಲಬ್‌ನ ಎಮಿರೇಟ್ಸ್ ಮೈದಾನದ ಹೊರಗೆ ವೆಂಗರ್ ಪ್ರತಿಮೆ ನಿಂತಮೇಲಿನ ಕಾರ್ಡ್‌ಗಳಲ್ಲಿ ಹಸಿರು ಇನ್ನೂ ಏರಿತು. ತಾರೀಕಿಲ್ಲದ ಹಳೆಯ ಕಾರ್ಡ್‌ಗಳನ್ನು ಕೊನೆಗೆ ಪಕ್ಕಕ್ಕಿಡಬೇಕಾಯಿತು.

ದುಡ್ಡಿನ ಮಾತು. ಕೈಬಿಚ್ಚಿ ಖರ್ಚು ಮಾಡಲಿಲ್ಲ, ಇದ್ದವರನ್ನೆಲ್ಲ ಮಾರಿದರು ಎಂಬ ದೂರನ್ನು ಬರೀ ಪೌಂಡ್‌ನಲ್ಲಿ ಅಳೆದರೆ ಏನೂ ತಿಳಿಯುವುದಿಲ್ಲ, 1996ರ ಪೌಂಡ್ ಬೇರೆ, 2017ರದ್ದು ಬೇರೆ. ಆಯಾ ಹೊತ್ತಿಗೆ ಬ್ರಿಟಿಷ್ ಕ್ಲಬ್‌ಗಳು ಕೊಟ್ಟ ದಾಖಲೆ ಬೆಲೆಗೆ ಶೇಕಡಾ ಎಷ್ಟು ಎಂದು ನೋಡಬೇಕು. ವಿಯೆರಾ 35 ಲಕ್ಷ ಪೌಂಡ್, ಆಗ ದಾಖಲೆ ಶಿಯರರ್‌ನ ಒಂದೂವರೆ ಕೋಟಿ, ಅಂದರೆ ಶೇ. 23. ಹೆನ್ರಿಗೆ ಸುಮಾರು 1.1 ಕೋಟಿ, ಅದೇ ದಾಖಲೆಗೆ ಶೇ. 73. ಹೆನ್ರಿ ಅಗ್ಗಕ್ಕೆ ಸಿಕ್ಕ ಎಂಬ ಮಾತು ಇಲ್ಲೇ ಬಿದ್ದುಹೋಗುತ್ತದೆ. ಆ ದುಡ್ಡು ಹುಟ್ಟಿದ್ದು ಐದು ಲಕ್ಷಕ್ಕೆ ಬಂದು ಎರಡು ಕೋಟಿಗೂ ಮಿಕ್ಕಿದ ಬೆಲೆಗೆ ರಿಯಲ್ ಮ್ಯಾಡ್ರಿಡ್ ಸೇರಿದ ಅನೆಲ್ಕಾನಿಂದ. ಓಜಿಲ್ 4.25 ಕೋಟಿ, ಟೊರೆಸ್‌ನ ಐದು ಕೋಟಿಯ ದಾಖಲೆಗೆ ಶೇ. 85. ಲಕಜೆಟ್ 4.65 ಕೋಟಿ, ಅಂಕಿ ದೊಡ್ಡದು, ಆದರೆ ಪೊಗ್ಬಾನ 8.9 ಕೋಟಿಗೆ ಹೋಲಿಸಿದರೆ ಶೇ. 52 ಮಾತ್ರ. ನಿಜವಾದ ಗಾಯ ಮಾರಾಟದ್ದು. ಲೀಗ್‌ನಲ್ಲಿ 30 ಗೋಲು ಹೊಡೆದ ನಾಯಕ ವ್ಯಾನ್ ಪರ್ಸಿ 2012ರಲ್ಲಿ 2.4 ಕೋಟಿಗೆ, ಅಂದರೆ ದಾಖಲೆಯ ಅರ್ಧಕ್ಕಿಂತ ಕಡಿಮೆಗೆ, ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದ. ಒಪ್ಪಂದದಲ್ಲಿ ಉಳಿದಿದ್ದದ್ದು ಒಂದೇ ವರ್ಷ, ಚೌಕಾಸಿಗೆ ಜಾಗವಿರಲಿಲ್ಲ. ಇದಕ್ಕೆಲ್ಲ ಹಿನ್ನೆಲೆ ಸುಮಾರು 39 ಕೋಟಿ ಪೌಂಡ್‌ನ ಹೊಸ ಮೈದಾನ. ಹಳೆಯ ಮೈದಾನ ಹೈಬರಿಯಲ್ಲಿ 38 ಸಾವಿರ ಜನ, ಎಮಿರೇಟ್ಸ್‌ನಲ್ಲಿ 60 ಸಾವಿರ. ಆ ಸಾಲದ ವರ್ಷಗಳನ್ನು ಹಾಳೆಯಲ್ಲಿ ಬೇರೆ ಬಣ್ಣದಲ್ಲಿ ತೋರಿಸದಿದ್ದರೆ ವೆಂಗರ್‌ಗೆ ಅನ್ಯಾಯವಾಗುತ್ತದೆ. 2013ರ ನಂತರವೂ ಅದೇ ಬಣ್ಣ ಎಳೆದುಕೊಂಡು ಹೋದರೆ ಅಭಿಮಾನಿಗಳಿಗೆ ಅನ್ಯಾಯ.

ಜೋಡಿ ಕಾಲಂ ಸೋಲುವ ಜಾಗ ಲೀಗ್. ಮೂರು ಲೀಗ್ ಪ್ರಶಸ್ತಿಗಳೂ 2004ರೊಳಗೇ ಬಂದವು, ಆಮೇಲಿನ ಕೆಂಪಿಗೆ ಅಲ್ಲಿ ಹಸಿರಿಲ್ಲ. ಅದಕ್ಕೆ ಪಾಯಿಂಟ್ ಸರಾಸರಿ ಹಾಕಿದೆ. 1997-98ರಿಂದ 2004-05ರವರೆಗೆ ಸೀಸನ್‌ಗೆ ಹತ್ತಿರ ಹತ್ತಿರ 80. 2005-06ರಿಂದ 2017-18ರವರೆಗೆ 72ರ ಆಸುಪಾಸು. ಕುಸಿತ ಎಂದು ಎಲ್ಲರೂ ಕರೆಯುವುದು ಲೆಕ್ಕದಲ್ಲಿ ಏಳೆಂಟು ಪಾಯಿಂಟ್, ಎರಡೂವರೆ ಗೆಲುವು. 1998ರಲ್ಲಿ 78 ಪಾಯಿಂಟ್‌ಗೆ ಪ್ರಶಸ್ತಿ ಸಿಕ್ಕಿತ್ತು. 2008ರಲ್ಲಿ 83 ಗಳಿಸಿದರೂ ಮೂರನೇ ಸ್ಥಾನ. ಈ ಎರಡು ಸಾಲುಗಳನ್ನು ನಾನು ಹಾಳೆಯ ತಲೆಯಲ್ಲೇ ಬರೆದಿದ್ದೇನೆ.

ಇದೇ ಕಾರ್ಡ್‌ಗಳನ್ನು ಬೇರೆಯವರ ಮೇಲೂ ಹಾಕಿ ನೋಡಿದೆ. ಮೊರಿನ್ಯೊ ಅವರ ಯುನೈಟೆಡ್ ಅವಧಿ, 2016ರಿಂದ 2018ರ ಡಿಸೆಂಬರ್‌ವರೆಗೆ, 90 ದಿನದ ಕಿಟಕಿಗೆ ತೀರಾ ಗಿಡ್ಡ. ಕೆಂಪೆಲ್ಲ ಕೊನೆಯ ಕೆಲವೇ ತಿಂಗಳಲ್ಲಿ ತುರುಕಿಕೊಂಡಿತ್ತು. ಅಂಥವರಿಗೆ ಕಿಟಕಿ ಕಿರಿದು ಮಾಡಬೇಕು, ಎಷ್ಟಕ್ಕೆ ಎಂಬುದು ನನಗೆ ಸಿಕ್ಕಿದೆ, ಇನ್ನೆರಡು ಹೆಸರುಗಳ ಮೇಲೆ ಪರೀಕ್ಷಿಸಿ ಹೇಳುತ್ತೇನೆ. ರನಿಯೇರಿ ಅವರ ಲೆಸ್ಟರ್‌ನಲ್ಲಿ ಇನ್ನೊಂದು ಪಾಠ ಸಿಕ್ಕಿತು. ಪ್ರಶಸ್ತಿ ಖಚಿತವಾದದ್ದು 2016ರ ಮೇ 2, ಕೆಲಸದಿಂದ ತೆಗೆದದ್ದು 2017ರ ಫೆಬ್ರವರಿ 23. ಆ ಕೆಂಪು ಆಡಳಿತ ಮಂಡಳಿಯದು, ಮ್ಯಾನೇಜರ್‌ನದಲ್ಲ. ಅಂದಿನಿಂದ ಯಾರ ಕೆಂಪು ಎಂಬ ಕಾಲಂ ವೆಂಗರ್ ಹಾಳೆಗೂ ಬಂತು.

ಒಂದು ಬಗೆಯ ಕಾರ್ಡ್‌ಗೆ ಎರಡು ಬಣ್ಣ ಸಾಲುವುದಿಲ್ಲ. 2017ರ ಮಾರ್ಚ್ 18ರಂದು ವೆಸ್ಟ್ ಬ್ರಾಮ್‌ವಿಚ್‌ನಲ್ಲಿ ಒಂದೇ ಪಂದ್ಯದ ಮೇಲೆ ಎರಡು ವಿಮಾನ ಹಾರಿದವು, ಒಂದು ಬ್ಯಾನರ್ ಹೊರಟುಹೋಗಿ ಅಂತು, ಇನ್ನೊಂದು ನಂಬಿಕೆಯಿದೆ ಅಂತು. ಅದನ್ನು ಅರ್ಧ-ಅರ್ಧ ಬಳಿದೆ. ಇನ್ನೂ ಕೂರದಿರುವುದು 2016ರ ಫೆಬ್ರವರಿ 14ರ ಕಾರ್ಡ್. ಅಗ್ರಸ್ಥಾನದಲ್ಲಿದ್ದ ಲೆಸ್ಟರ್ ಎದುರು ಕೊನೆಯ ಕ್ಷಣದಲ್ಲಿ ವೆಲ್‌ಬೆಕ್ ತಲೆಯಿಂದ ಹೊಡೆದ ಗೋಲು, 2-1, ಅಂತರ ಎರಡೇ ಪಾಯಿಂಟ್. ಕಾರ್ಡ್ ಬರೆದವರೆಲ್ಲ ಆ ಗೋಲನ್ನು ಹಿಗ್ಗಿನಿಂದ ವರ್ಣಿಸಿ, ಗುರುತು ಹಾಕುವಾಗ ಕೆಂಪು ಪೆನ್ ಎತ್ತಿಕೊಂಡರು. ಸೀಸನ್ ಮುಗಿದಾಗ ಲೆಸ್ಟರ್ ಹತ್ತು ಪಾಯಿಂಟ್ ಮುಂದಿತ್ತು. ಅದಕ್ಕೆ ಸಿಗುವ ಒಂದೇ ಹಸಿರು ಮೇ 15, ಕೊನೆಯ ದಿನ ಆಸ್ಟನ್ ವಿಲ್ಲಾ ಎದುರು 4-0 ಗೆದ್ದು ಟಾಟೆನ್‌ಹ್ಯಾಮ್ ಅನ್ನು ದಾಟಿ ಎರಡನೇ ಸ್ಥಾನಕ್ಕೇರಿದ್ದು. ನಡುವೆ 91 ದಿನ. ಗೆರೆಯನ್ನು ಒಂದು ದಿನ ಸರಿಸಲು ಹೇಳಿದವರಿದ್ದಾರೆ, ನಾನು ಸರಿಸಿಲ್ಲ.