ಶಿಮ್ ಶ್ಯಾಮ್ ಪಾಠ: ಹೆಜ್ಜೆಯ ಜೊತೆಗೆ ಹೆಸರೂ

ಟ್ಯಾಪ್ ಅಂದರೆ ಲೋಹದ ತುಂಡು ಬಡಿದ ಶೂನಿಂದ ನೆಲ ತಟ್ಟಿ ಲಯ ಹುಟ್ಟಿಸುವ ಕುಣಿತ. ಅದರ ತರಗತಿಯಲ್ಲಿ ಇತಿಹಾಸಕ್ಕೆಂದು ನಾನು ಬೇರೆ ದಿನ ಇಡುವುದಿಲ್ಲ. ಇಟ್ಟರೆ ಅವತ್ತು ಅರ್ಧ ಜನ ಬರುವುದಿಲ್ಲ. ಹೆಜ್ಜೆಯ ನಡುವೆಯೇ ಹೇಳಿಬಿಡುತ್ತೇನೆ.

ಶುರು ಶಿಮ್ ಶ್ಯಾಮ್‌ನಿಂದ. 1920ರ ದಶಕದ ಕೊನೆಗೆ ಅಮೆರಿಕದ ಕಪ್ಪುವರ್ಣೀಯ ಕಲಾವಿದರ ನಡುವೆ ಹುಟ್ಟಿದ ಕುಣಿತ ಇದು. ಲಿಯೊನಾರ್ಡ್ ರೀಡ್ ಮತ್ತು ವಿಲ್ಲಿ ಬ್ರಯಂಟ್ ಹೆಸರು ಇದರ ಜೊತೆ ಬರುತ್ತದೆ. ಒಟ್ಟು 32 ಬಾರ್ (ಒಂದು ಬಾರ್ ಅಂದರೆ 4 ಎಣಿಕೆ), 4 ಭಾಗ. ಮೊದಲ ಭಾಗದಲ್ಲಿ 8 ಎಣಿಕೆಯ ಹೆಜ್ಜೆ 3 ಸಲ (ಬಲ, ಎಡ, ಮತ್ತೆ ಬಲ), ಆಮೇಲೆ 8 ಎಣಿಕೆಯ ಬ್ರೇಕ್, ಅಂದರೆ ಭಾಗ ಮುಗಿಸುವ ಬೇರೆ ಹೆಜ್ಜೆ. ಹೆಚ್ಚಿನವರು ಎಡವುವುದು ಮೊದಲ ತಟ್ಟಿನಲ್ಲೇ. ಬಲಗಾಲಿನ ಶಫಲ್ (ಮುಂಗಾಲನ್ನು ಮುಂದಕ್ಕೂ ಹಿಂದಕ್ಕೂ ನೆಲಕ್ಕೆ ಸವರುವುದು) ಶುರುವಾಗಬೇಕಾದ್ದು 1ಕ್ಕಲ್ಲ, ಹಿಂದಿನ 8ಕ್ಕೆ. 1ಕ್ಕೆ ಕಾಲು ಊರಬೇಕು. ಕರ್ನಾಟಕ ಸಂಗೀತ ಕಲಿತವರಿಗೆ ‘ಅತೀತ ಎಡುಪು’ (ತಾಳದ ಆವರ್ತಕ್ಕೆ ಮುಂಚೆಯೇ ಎತ್ತಿಕೊಳ್ಳುವುದು) ಅಂದರೆ ಸಾಕು. ಉಳಿದವರಿಗೆ ‘ಐದು, ಆರು, ಏಳು’ ಎಂದು ಎಣಿಸಿ, 8ಕ್ಕೆ ಚಪ್ಪಾಳೆ ಹೊಡೆಸುತ್ತೇನೆ.

ಹೆಜ್ಜೆ ಕಾಲಲ್ಲಿ ಕೂತ ಮೇಲೆ 1936ರ ‘ಸ್ವಿಂಗ್ ಟೈಮ್’ ಚಿತ್ರದ ‘ಬೊಜ್ಯಾಂಗಲ್ಸ್ ಆಫ್ ಹಾರ್ಲೆಮ್’ ತೋರಿಸುತ್ತೇನೆ. ಕಪ್ಪುವರ್ಣೀಯ ಟ್ಯಾಪ್ ಕಲಾವಿದ ಬಿಲ್ ‘ಬೊಜ್ಯಾಂಗಲ್ಸ್’ ರಾಬಿನ್ಸನ್‌ಗೆ ಗೌರವವೆಂದು ಹಾಲಿವುಡ್‌ನ ಬಿಳಿಯ ನಟ, ನರ್ತಕ ಫ್ರೆಡ್ ಆಸ್ಟೇರ್ ಮುಖಕ್ಕೆ ಕಪ್ಪು ಬಳಿದುಕೊಂಡು ಕುಣಿದದ್ದು. ಮೊದಲ ಸಲ ಸದ್ದು ಬಂದ್. ಹಿಮ್ಮಡಿ ಮಾತ್ರ ನೋಡಬೇಕು. ಕೂಡಲೇ ರಾಬಿನ್ಸನ್‌ರ ಮೆಟ್ಟಿಲ ಕುಣಿತ ಹಾಕುತ್ತೇನೆ. ಅವರದು ನೆಟ್ಟನೆಯ ಬೆನ್ನು, ಮುಂಗಾಲಿನ ಕೆಲಸ, ಹಿಮ್ಮಡಿ ನೆಲ ಮುಟ್ಟುವುದೇ ಕಡಿಮೆ. ಗತಿ ಇಳಿಸಿ, ಹಿಮ್ಮಡಿ ಬೀಳಿಸಿ ಲಯ ಕಟ್ಟುವ ಶೈಲಿಗೆ ಹೆಸರಾದವರು ಇನ್ನೊಬ್ಬ ಕಪ್ಪುವರ್ಣೀಯ ಟ್ಯಾಪ್ ಕಲಾವಿದ ಜಾನ್ ಬಬಲ್ಸ್. ಆಸ್ಟೇರ್‌ರ ಉಡುಪೂ ಮೈಯ ಬಳುಕೂ, ನನ್ನ ಕಣ್ಣಿಗೆ, ಬಬಲ್ಸ್‌ಗೇ ಹತ್ತಿರ. ಗೌರವ ಒಬ್ಬರ ಹೆಸರಿಗೆ, ಸಾಲ ಇನ್ನೊಬ್ಬರದು!

‘ಮುಖಕ್ಕೆ ಬಣ್ಣ ಯಾಕೆ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 1830ರ ಆಸುಪಾಸಿನಲ್ಲಿ ಥಾಮಸ್ ರೈಸ್ ಎಂಬ ಬಿಳಿಯ ನಟ ಮುಖಕ್ಕೆ ಕಪ್ಪು ಬಳಿದು, ಕಪ್ಪುವರ್ಣೀಯರನ್ನು ಗೇಲಿ ಮಾಡುವ ‘ಜಿಮ್ ಕ್ರೋ’ ವೇಷ ಕಟ್ಟಿ ದುಡ್ಡು ಮಾಡಿದ. ಮುಂದೆ ಅಮೆರಿಕದ ವರ್ಣಭೇದದ ಕಾನೂನುಗಳಿಗೂ ಅದೇ ಹೆಸರು ಬಂತು. ಇಷ್ಟು ಹೇಳಿದ ಮೇಲೆ ವಾರ್ಷಿಕೋತ್ಸವಕ್ಕೆ ಗುಂಗುರು ವಿಗ್ ತರಲೇ ಎಂಬ ಪ್ರಶ್ನೆ ತಾನಾಗಿ ನಿಲ್ಲುತ್ತದೆ. ಪ್ಯಾಂಟು, ಅಂಗಿ, ಟ್ಯಾಪ್ ಶೂ ಸಾಕು.

ಕಾರ್ಯಕ್ರಮದ ಪಟ್ಟಿಯಲ್ಲಿ ‘ಸಾಂಪ್ರದಾಯಿಕ ಅಮೆರಿಕನ್ ನೃತ್ಯ’ ಎಂದು ಬರೆಯಲು ಬಿಡುವುದಿಲ್ಲ. ರೀಡ್, ಬ್ರಯಂಟ್ ಹೆಸರು ಮೊದಲ ಸಾಲಲ್ಲೇ ಇರಬೇಕು. ಕೊನೆಯಲ್ಲಿಟ್ಟರೆ ನಿರೂಪಕರು ಗಡಿಬಿಡಿಯಲ್ಲಿ ನುಂಗಿಬಿಡುತ್ತಾರೆ.